ನಿಮಗಿದು ಗೊತ್ತೇ? ಕುದುರೆಗೆ ಅಮಲೇರಿಸುವ ಮರ, ದನ ಬಿಟ್ಟುಹೋದ ಹೂವಿನ ಬೆಟ್ಟ

◆ ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಅದೇ ಕನ್ನಡದಲ್ಲಿ ‘ಆಡುಮುಟ್ಟದ ಬಳ್ಳಿ’ ಎಂಬ ಹೆಸರೂ ಇದೆ! ಉಬ್ಬಸಕ್ಕೆ ನಾಟಿವೈದ್ಯರು ಬಳಸುತ್ತ ಬಂದ ಈ ಬಳ್ಳಿಯಲ್ಲಿ ಟೈಲೋಫೋರಿನ್ ಮುಂತಾದ ಆಲ್ಕಲಾಯ್ಡ್‌ಗಳಿವೆ. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುವ ಆಡು ಇದರ ಮುಂದೆ ಮೂತಿ ತಿರುಗಿಸುತ್ತದೆ. ಪ್ರಯೋಗಾಲಯ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಆಡು ಕಾಯುವವರು ಅದನ್ನು ಗಮನಿಸಿ ಹೆಸರಿಟ್ಟುಬಿಟ್ಟಿದ್ದಾರೆ.

◆ ಜಪಾನಿನವರು ಇಂಥದೇ ಹೆಸರನ್ನು ಕುದುರೆಯಿಂದ ಪಡೆದರು. ಅಲ್ಲಿನ ಬೆಟ್ಟಗಳಲ್ಲಿ ಗಂಟೆಯಾಕಾರದ ಪುಟ್ಟ ಬಿಳಿ ಹೂಗಳ ಗೊಂಚಲು ಬಿಡುವ ‘ಆಸೆಬಿ’ ಎಂಬ ಗಿಡವಿದೆ. ಅದನ್ನು ಬರೆಯುವುದು ಮೂರು ಚಿತ್ರಾಕ್ಷರಗಳಲ್ಲಿ: ಕುದುರೆ, ಅಮಲು, ಮರ. ಎಲೆ ತಿಂದ ಕುದುರೆ ಕುಡಿದವರಂತೆ ತೂರಾಡುತ್ತದೆ ಎಂಬುದೇ ಆ ಹೆಸರಿನ ಮೂಲ. ಎಂಟನೆಯ ಶತಮಾನದ ಪದ್ಯಸಂಕಲನ ‘ಮಾನ್‌ಯೋಶೂ’ದಲ್ಲೇ ಈ ಗಿಡ ಬರುತ್ತದೆ.

ಅಮಲಿಗೆ ಕಾರಣ ಗ್ರಯಾನೊಟಾಕ್ಸಿನ್ ಎಂಬ ವಿಷ. ನರ ಮತ್ತು ಸ್ನಾಯುಗಳ ಜೀವಕೋಶಗಳಲ್ಲಿ ಸೋಡಿಯಂ ಒಳಬರಲು ಬಾಗಿಲುಗಳಿರುತ್ತವೆ. ತೆರೆದು ಕ್ಷಣದಲ್ಲೇ ಮುಚ್ಚಿಕೊಳ್ಳಬೇಕಾದ ಆ ಬಾಗಿಲುಗಳನ್ನು ಈ ವಿಷ ಮುಚ್ಚಗೊಡುವುದಿಲ್ಲ. ಜೊಲ್ಲು ಸುರಿಯುತ್ತದೆ, ಕಾಲು ತಡವರಿಸುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಮೆಲುಕು ಹಾಕುವ ಪ್ರಾಣಿಗಳು ವಾಂತಿ ಮಾಡುವುದು ತೀರ ಅಪರೂಪ; ಆಸೆಬಿ ತಿಂದ ಕುರಿ, ಮೇಕೆಗಳು ಮಾತ್ರ ವಾಂತಿ ಮಾಡುತ್ತವೆ. ಪಶುವೈದ್ಯರಿಗೆ ಅದೇ ಮೊದಲ ಸುಳಿವು.

◆ ಆಸೆಬಿಯ ಹೆಸರಿನಲ್ಲೇ 1903ರಲ್ಲಿ ಟೋಕಿಯೋದಿಂದ ಒಂದು ಕಾವ್ಯಪತ್ರಿಕೆ ಹೊರಟಿತು. ಅದನ್ನು ನಡೆಸಿದ ಕವಿ ಇತೊ ಸಾಚಿಯೊ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಹೈನುಗಾರಿಕೆ. ಹಸು ಕಟ್ಟಿ ಹಾಲು ಮಾರುತ್ತಿದ್ದ ಕವಿಯ ಪತ್ರಿಕೆಗೆ ಹಸು ಮುಟ್ಟದ ಗಿಡದ ಹೆಸರು!

◆ ನಾರಾ ನಗರದ ಉದ್ಯಾನದಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಜನರ ನಡುವೆಯೇ ಓಡಾಡಿಕೊಂಡಿವೆ. ಯಾರೂ ಸಾಕಿದವಲ್ಲ. ಕ್ರಿ.ಶ. 768ರಲ್ಲಿ ಸ್ಥಾಪನೆಯಾದ ಕಾಸುಗಾ ದೇಗುಲದ ದೇವರು ಬಿಳಿ ಜಿಂಕೆಯ ಮೇಲೆ ಬಂದನೆಂಬ ನಂಬಿಕೆಯಿಂದ ಅವುಗಳಿಗೆ ನೂರಾರು ವರ್ಷಗಳ ರಕ್ಷಣೆ ಸಿಕ್ಕಿದೆ. ಇಷ್ಟು ಕಾಲ ಇಷ್ಟೊಂದು ಬಾಯಿಗಳು ಒಂದೇ ಜಾಗದಲ್ಲಿ ಮೇದರೆ ಏನು ಉಳಿದೀತು? ಆಸೆಬಿ ಉಳಿದಿದೆ, ದಟ್ಟವಾಗಿ. ದೇಗುಲದ ಸುತ್ತ ‘ನಾಗಿ’ ಎಂಬ ಮರದ ಕಾಡೇ ಬೆಳೆದಿದೆ. ಅದನ್ನೂ ಜಿಂಕೆ ಒಲ್ಲದು. ಆ ಕಾಡು 1923ರಿಂದ ರಾಷ್ಟ್ರೀಯ ನೈಸರ್ಗಿಕ ಸ್ಮಾರಕ. ನೋಡುವವರಿಗೆ ಅದು ಪ್ರಾಚೀನ ಪವಿತ್ರ ವನ. ಜಿಂಕೆಯ ಕಡೆಯಿಂದ ನೋಡಿದರೆ ಸಾವಿರ ವರ್ಷ ಬೇಡವೆಂದು ಬಿಟ್ಟ ಸೊಪ್ಪಿನ ರಾಶಿ.

◆ ಅದೇ ನಾರಾದ ತುರಚಿ ಗಿಡಗಳ ಕಥೆ ಇನ್ನೂ ವಿಸ್ಮಯದ್ದು. ತುರಚಿಯ ಮುಳ್ಳುಗೂದಲು ಸೂಜಿಮದ್ದಿನಂತೆ ಹಿಸ್ಟಮಿನ್, ಅಸಿಟೈಲ್‌ಕೋಲಿನ್‌ಗಳನ್ನು ಚರ್ಮದೊಳಗೆ ಇಳಿಸುತ್ತದೆ. ಜಿಂಕೆ ಕಡಿಮೆ ಇರುವ ಕಡೆಯ ತುರಚಿಗಿಂತ ನಾರಾ ಉದ್ಯಾನದ ತುರಚಿಯ ಎಲೆಯಲ್ಲಿ ಈ ಕೂದಲು ಎಷ್ಟೋ ಪಟ್ಟು ಹೆಚ್ಚು ಎಂದು 2008ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ಎರಡೂ ಕಡೆಯ ಬೀಜಗಳನ್ನು ತಂದು ಒಂದೇ ಬಗೆಯ ಮಣ್ಣಿನಲ್ಲಿ ಬೆಳೆಸಿದಾಗಲೂ ವ್ಯತ್ಯಾಸ ಹಾಗೆಯೇ ಉಳಿಯಿತು. ಎಂದರೆ ಇದು ವಂಶದಲ್ಲೇ ಇಳಿದುಬಂದ ಗುಣ. ಕೂದಲು ಕಡಿಮೆಯಿದ್ದ ಗಿಡಗಳನ್ನು ಜಿಂಕೆ ಆರಿಸಿ ಆರಿಸಿ ತಿಂದಿತು, ಹೆಚ್ಚಿದ್ದವು ಬೀಜ ಕಟ್ಟಿದವು. ರೈತ ಬಿತ್ತನೆಗೆ ಒಳ್ಳೆಯ ತೆನೆ ಆರಿಸಿಡುತ್ತಾನಲ್ಲ, ಹಾಗೆ ಜಿಂಕೆಗಳು ತಮಗೇ ತಿಳಿಯದಂತೆ ಒಳ್ಳೆಯ ತುರಚಿಯನ್ನು ‘ಬಿತ್ತನೆಗೆ’ ಉಳಿಸಿವೆ.

◆ ಗುನ್ಮಾ ಮತ್ತು ನಾಗಾನೊ ಪ್ರಾಂತಗಳ ಗಡಿಯಲ್ಲಿ ಯುನೊಮಾರು ಎಂಬ ಎತ್ತರದ ಬಯಲಿದೆ. ಜೂನ್ ಕೊನೆಗೆ ಅಲ್ಲಿ ಬೆಟ್ಟಕ್ಕೆ ಬೆಟ್ಟವೇ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ‘ರೆಂಗೆ ತ್ಸುತ್ಸುಜಿ’ ಎಂಬ ಹೂಗಿಡ ಅಲ್ಲಿ ಸುಮಾರು 6 ಲಕ್ಷ ಇದೆಯೆಂದು ಲೆಕ್ಕ. 1956ರಲ್ಲಿ ಅದನ್ನು ರಾಷ್ಟ್ರೀಯ ನೈಸರ್ಗಿಕ ಸ್ಮಾರಕವೆಂದು ಘೋಷಿಸಿದರು. ಈ ತೋಟ ಮಾಡಿದವರು ಯಾರು? ದನಗಳು. ಮೇಜಿ ಚಕ್ರವರ್ತಿಯ ಕಾಲದಿಂದ ಅಲ್ಲಿ ದನ, ಕುದುರೆಗಳನ್ನು ಮೇಯಲು ಬಿಟ್ಟರು. ಈ ಹೂಗಿಡದಲ್ಲೂ ಆಸೆಬಿಯಲ್ಲಿರುವ ಜಾತಿಯದೇ ವಿಷ. ದನಗಳು ಸುತ್ತಲಿನ ಹುಲ್ಲು, ಪೊದೆ, ಎಳೆಯ ಮರದ ಚಿಗುರು ಎಲ್ಲವನ್ನೂ ಸವರಿದವು, ಇದೊಂದನ್ನು ಬಿಟ್ಟವು. ಪೈಪೋಟಿಯಿಲ್ಲದೆ ಬಿಸಿಲು ಸಿಕ್ಕಿದ ಗಿಡ ಬೆಟ್ಟ ತುಂಬಿತು. ಮೇಯುವ ದನ ಕಡಿಮೆಯಾದಲ್ಲಿ ಬೇರೆ ಪೊದೆ, ಮರಗಳು ಮೇಲೆದ್ದು ಹೂಗಿಡದ ಮೇಲೆ ನೆರಳು ಕವಿಯುತ್ತದೆ. ಹೂವು ಬೇಕೆಂದರೆ ದನವೂ ಬೇಕು.

◆ ಹೊಕ್ಕೈಡೊದ ಹುಲ್ಲುಗಾವಲುಗಳಲ್ಲಿ ಬೆಳೆಯುವ ಪರಿಮಳದ ‘ಸುಜುರಾನ್’ ಹೂವಿನದೂ ಇದೇ ಹಾದಿ. ಹೃದಯದ ಮೇಲೆ ನೇರ ಎರಗುವ ವಿಷ ಅದರ ಬೇರಿನಿಂದ ಹೂವಿನವರೆಗೆ ಇದೆ. ಆ ಹೂವನ್ನು ಇಟ್ಟ ಹೂದಾನಿಯ ನೀರು ಕೂಡ ಅಪಾಯ.

◆ ನರಿಟಾ ವಿಮಾನ ನಿಲ್ದಾಣದಲ್ಲಿ ಇಳಿದ ಕನ್ನಡಿಗರು ಬಹಳ ಮಂದಿ ಇದ್ದೀರಿ. ಆ ಜಾಗದ ಒಂದು ಪಾಲು ಹಿಂದೆ ರಾಜಮನೆತನಕ್ಕೆ ಸೇರಿದ ಸಾನ್‌ರಿಝುಕಾ ಎಂಬ ಪಶುಪಾಲನಾ ಕ್ಷೇತ್ರವಾಗಿತ್ತು. ಜಪಾನಿನ ಸಸ್ಯಶಾಸ್ತ್ರದ ಹಿರಿಯ ಮಾಕಿನೊ ತೊಮಿತಾರೊ (1862–1957) ಅಲ್ಲೊಂದು ವಿಚಿತ್ರ ಕಳೆಯನ್ನು ಕಂಡರು. ಬದನೆಯ ಜಾತಿ, ಮೈಯೆಲ್ಲ ಮುಳ್ಳು, ಒಳಗೆ ಸೊಲನಿನ್ ವಿಷ, ಕಿತ್ತಷ್ಟೂ ತುಂಡು ಬೇರಿನಿಂದ ಮತ್ತೆ ಹುಟ್ಟು. ಅಮೆರಿಕದಿಂದ ಬಂದಿದ್ದ ಅದಕ್ಕೆ ಅವರು ಇಟ್ಟ ಹೆಸರು ‘ವಾರುನಾಸುಬಿ’, ಅಂದರೆ ಕೆಟ್ಟ ಬದನೆ. ಇವತ್ತಿಗೂ ಜಪಾನಿನ ಹುಲ್ಲುಗಾವಲುಗಳಲ್ಲಿ ದನ ಮುಟ್ಟದ, ರೈತ ಶಪಿಸುವ ಕಳೆ ಅದು.

◆ ಕಹಿ ಬೇರೆ, ಒಗರು ಬೇರೆ. ಈ ಭೇದ ಕನ್ನಡದ ನಾಲಗೆಗೆ ಚೆನ್ನಾಗಿ ಗೊತ್ತು. ಕಹಿಯನ್ನು ನಾಲಗೆಯ ರುಚಿಮೊಗ್ಗು ಗುರುತಿಸುತ್ತದೆ. ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ: ಎಲೆಯ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಂಟುಹಾಕಿದಾಗ ಬಾಯಿ ಒಣಗಿ ಬಿಗಿದಂತಾಗುತ್ತದೆ. ಚಿಗುರು ಮೇಯುವ ಜಿಂಕೆಯ ಜೊಲ್ಲಿನಲ್ಲಿ ಟ್ಯಾನಿನ್ ಕಟ್ಟಿಹಾಕುವ ವಿಶೇಷ ಪ್ರೋಟೀನುಗಳಿವೆ. ಹುಲ್ಲು ಮೇಯುವ ದನದಲ್ಲಿ ಅವು ತೀರ ಕಡಿಮೆ. ಜಾಲಿ ಸೊಪ್ಪನ್ನು ಮೇಕೆ ಚಪ್ಪರಿಸುವಾಗ ಪಕ್ಕದ ಹಸು ಹುಲ್ಲಿನ ಎಸಳನ್ನೇ ಹುಡುಕುವುದಕ್ಕೆ ಬಾಯಿಯ ರಚನೆಯೊಂದೇ ಕಾರಣವಲ್ಲ, ಒಗರನ್ನು ತಾಳುವ ಶಕ್ತಿಯೂ ಕಾರಣ.

◆ ಒಗರಿಗೆ ಒಗ್ಗಿಕೊಳ್ಳಬಹುದೇ? ಜಪಾನಿನ ಅರಣ್ಯ ಸಂಶೋಧನಾ ಸಂಸ್ಥೆಯ ಶಿಮಾದಾ ತಾಕುಯಾ ಅವರ ತಂಡ ಇದನ್ನು ಕಾಡಿಲಿಗಳಲ್ಲಿ ಪರೀಕ್ಷಿಸಿತು. ಮಿಝುನಾರಾ ಓಕ್ ಮರದ ಕಾಯಿಯಲ್ಲಿ ಟ್ಯಾನಿನ್ ತುಂಬಿದೆ. ಅಭ್ಯಾಸವಿಲ್ಲದ ಇಲಿಗಳಿಗೆ ಒಮ್ಮೆಲೇ ಬರೀ ಆ ಕಾಯಿ ಕೊಟ್ಟಾಗ ಹೆಚ್ಚಿನವು ಸೊರಗಿ ಸತ್ತವು. ಮೊದಲು ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿದವು ಬಹುತೇಕ ಬದುಕಿದವು. ಅವುಗಳ ಜೊಲ್ಲಿನಲ್ಲಿ ಟ್ಯಾನಿನ್ ಕಟ್ಟುವ ಪ್ರೋಟೀನ್ ಹೆಚ್ಚಿತ್ತು, ಕರುಳಿನಲ್ಲಿ ಟ್ಯಾನಿನ್ ಒಡೆಯುವ ಬ್ಯಾಕ್ಟೀರಿಯಾಗಳಿದ್ದವು. ಹೊಸ ಮೇವನ್ನು ದಿನಕ್ಕಿಷ್ಟು ಎಂದು ಬೆರೆಸಿ ರೂಢಿ ಮಾಡಿಸುವ ನಮ್ಮ ರೈತರ ಪದ್ಧತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

◆ ದಕ್ಷಿಣದ ಒಕಿನಾವಾ ದ್ವೀಪಗಳಲ್ಲಿ ‘ಗಿನ್ನೆಮು’ ಎಂಬ ಮರ ಎಲ್ಲೆಲ್ಲೂ ಇದೆ, ಆಡಿನ ಮೇವಾಗಿಯೂ ಬಳಕೆಯಾಗುತ್ತದೆ. ಇದು ಬೇರೆ ಯಾವುದೂ ಅಲ್ಲ, ನಮ್ಮ ಹೊಲದ ಬದುವಿನ ಸುಬಾಬುಲ್! ಅದರಲ್ಲಿ ಮಿಮೊಸಿನ್ ಎಂಬ ವಿಷಾಂಶವಿದೆ. ಹೆಚ್ಚು ತಿಂದ ಪ್ರಾಣಿಯ ಕೂದಲು ಉದುರುತ್ತದೆ, ಗಳಗಂಡ ಬರುತ್ತದೆ. ಆಸ್ಟ್ರೇಲಿಯದ ದನಗಳು ಹೀಗೆ ನರಳುತ್ತಿದ್ದಾಗ ಹವಾಯಿಯ ಆಡುಗಳು ಅದನ್ನೇ ತಿಂದು ಗಟ್ಟಿಮುಟ್ಟಾಗಿದ್ದವು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಕಾರಣ ಕಂಡುಹಿಡಿದರು. ಆ ಆಡುಗಳ ಮೆಲುಕುಚೀಲದಲ್ಲಿ ಮಿಮೊಸಿನ್‌ನಿಂದ ಹುಟ್ಟುವ ವಿಷವನ್ನು ಒಡೆದುಹಾಕುವ ಬ್ಯಾಕ್ಟೀರಿಯಾ ಇತ್ತು. ಅದನ್ನು ಆಸ್ಟ್ರೇಲಿಯದ ದನಗಳ ಹೊಟ್ಟೆಗೆ ದಾಟಿಸಿದರು, ದನಗಳು ಚೇತರಿಸಿಕೊಂಡವು. ಆ ಬ್ಯಾಕ್ಟೀರಿಯಾಕ್ಕೆ ಈಗ ಜೋನ್ಸರದೇ ಹೆಸರು: ಸಿನರ್ಜಿಸ್ಟಿಸ್ ಜೋನ್ಸಿಯೈ. ಯಾವುದು ಮೇವು, ಯಾವುದು ವಿಷ ಎಂದು ತೀರ್ಮಾನಿಸುವವರಲ್ಲಿ ಕಣ್ಣಿಗೆ ಕಾಣದ ಇವೂ ಸೇರಿವೆ.

◆ ಜಪಾನಿನ ವಸಂತದ ಸಿಹಿತಿಂಡಿ ‘ಸಾಕುರಾಮೋಚಿ’ಯನ್ನು ಉಪ್ಪಿನಲ್ಲಿ ಹಾಕಿಟ್ಟ ಚೆರ್ರಿ ಎಲೆಯಲ್ಲಿ ಸುತ್ತುತ್ತಾರೆ. ಅದರ ಘಮ ಕೂಮರಿನ್ ಎಂಬ ವಸ್ತುವಿನದು. ಹಸಿ ಎಲೆಗೆ ಆ ವಾಸನೆಯಿಲ್ಲ, ಉಪ್ಪು ಹಾಕಿದ ಮೇಲೆ ಬರುತ್ತದೆ. ಇದೇ ಕೂಮರಿನ್ ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡದಲ್ಲೂ ಇದೆ. ಮೂಗಿಗೆ ಸಿಹಿ, ಬಾಯಿಗೆ ಕಹಿ. ದನ ಮೊದಮೊದಲು ಒಲ್ಲೆ ಎನ್ನುತ್ತದೆ.

ಆ ಮೇವಿಗೆ ಬೂಸಲು ಹಿಡಿದರೆ ಕಥೆಯೇ ಬೇರೆ. ಬೂಸಲು ಕೂಮರಿನ್ ಅನ್ನು ಡೈಕೂಮರಾಲ್ ಆಗಿ ಬದಲಿಸುತ್ತದೆ. ತಿಂದ ದನದ ರಕ್ತ ಹೆಪ್ಪುಗಟ್ಟುವುದಿಲ್ಲ. 1933ರ ಫೆಬ್ರವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬ ರೈತ ಹಿಮಬಿರುಗಾಳಿಯ ನಡುವೆ ಸತ್ತ ಹಸುವನ್ನೂ ಒಂದು ಕ್ಯಾನು ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯ ಅದರ ಬೆನ್ನುಹತ್ತಿತು. ಹೃದ್ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಆ ಹುಡುಕಾಟದ ಫಲ.

◆ ವಿಷವನ್ನು ಗಿಡವೇ ತಯಾರಿಸಬೇಕೆಂದಿಲ್ಲ, ಬಾಡಿಗೆಗೂ ತರಬಹುದು. ರೈಗ್ರಾಸ್ ಹುಲ್ಲಿನ ಒಳಗೆ ಒಂದು ಶಿಲೀಂಧ್ರ ತಣ್ಣಗೆ ವಾಸಿಸುತ್ತದೆ. ಹುಲ್ಲು ಅದಕ್ಕೆ ಅನ್ನ ಕೊಡುತ್ತದೆ, ಅದು ಹುಲ್ಲಿಗೆ ಕಾವಲು ಕಾಯುತ್ತದೆ: ಕೀಟಕ್ಕೆ ಪೆರಮಿನ್, ದನಕ್ಕೆ ಲೋಲಿಟ್ರೆಮ್. 1990ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಅಮೆರಿಕದಿಂದ ತರಿಸಿದ ಇಂಥ ಒಣಹುಲ್ಲು ತಿಂದ ವಾಗ್ಯು ಕರಿದನಗಳು ನಡುಗುತ್ತ ಮುಗ್ಗರಿಸತೊಡಗಿದವು. ಒಣಗಿದರೂ ಆ ವಿಷ ಹೋಗಿರಲಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ ದನಕ್ಕೆ ಬೇರೆ ಹುಲ್ಲು ಆರಿಸಿಕೊಳ್ಳುವ ದಾರಿಯೂ ಇರಲಿಲ್ಲ.

◆ ಎಲ್ಲ ಹುಲ್ಲೂ ಹೋರಾಡುವುದಿಲ್ಲ. ಮಿಯಾಝಾಕಿಯ ತೊಯಿ ಭೂಶಿರದಲ್ಲಿ 1697ರಲ್ಲಿ ಶುರುವಾದ ಕುದುರೆ ಲಾಯದ ವಂಶದ ಸುಮಾರು ನೂರು ಕುದುರೆಗಳು ಈಗಲೂ ಬಯಲಲ್ಲಿ ಮೇಯುತ್ತವೆ. ಅವುಗಳ ಕಾಲಡಿಯ ‘ಶಿಬಾ’ ಹುಲ್ಲು ತಿನ್ನಿಸಿಕೊಂಡೇ ಬದುಕುತ್ತದೆ. ಚಿಗುರುವ ಕಣ್ಣು ನೆಲಕ್ಕೆ ಅಂಟಿಕೊಂಡಿರುವುದರಿಂದ ಹಲ್ಲಿಗೆ ಸಿಗದು. ಬೀಜ ಹೊಟ್ಟೆ ಸೇರಿದರೂ ಸಾಯದೆ ಲದ್ದಿಯ ಜೊತೆ ಬೇರೆ ಕಡೆ ಹೋಗಿ ಮೊಳೆಯುತ್ತದೆ.

◆ ದನ ಸೆಗಣಿ ಹಾಕಿದ ಸುತ್ತಲಿನ ಹುಲ್ಲನ್ನು ಬಹಳ ದಿನ ಮುಟ್ಟುವುದಿಲ್ಲ. ಅಲ್ಲಿ ಹುಲ್ಲು ದುಂಡಗೆ, ಕಡುಹಸಿರಾಗಿ ಎದ್ದು ನಿಲ್ಲುತ್ತದೆ. ಜಪಾನಿ ಪಶುಪಾಲಕರಲ್ಲಿ ಇಂಥ ಜಾಗಕ್ಕೇ ಒಂದು ಪದವಿದೆ. ಅರ್ಥ ‘ತಿನ್ನದೆ ಬಿಟ್ಟು ಅತಿಯಾಗಿ ಬೆಳೆದ ನೆಲ’. ಸೆಗಣಿಯಿಂದ ಬರುವ ಹುಳುವಿನ ಸೋಂಕಿನಿಂದ ದನವನ್ನು ಕಾಯುವುದು ಈ ಅಸಹ್ಯವೇ.

◆ ಕ್ಯೂಶೂ ದ್ವೀಪದ ಆಸೊ ಜ್ವಾಲಾಮುಖಿಯ ಸುತ್ತಲಿನ ಹುಲ್ಲುಗಾವಲಿನಲ್ಲಿ ‘ಅಕಾಉಶಿ’ ಎಂಬ ಕೆಂದು ಬಣ್ಣದ ದನಗಳು ಮೇಯುತ್ತವೆ. ಪ್ರತಿ ವಸಂತದ ಮುನ್ನ ಊರಿನವರು ಸೇರಿ ಒಣಹುಲ್ಲಿಗೆ ಬೆಂಕಿಯಿಡುತ್ತಾರೆ. ಕರಕಲು ನೆಲದಿಂದ ಮೊದಲು ತಲೆಯೆತ್ತುವುದರಲ್ಲಿ ‘ವಾರಾಬಿ’ ಜರಿಗಿಡದ ಸುರುಳಿ ಚಿಗುರೂ ಒಂದು. ದನ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಜನ ಬುಟ್ಟಿ ಹಿಡಿದು ಕೊಯ್ಯುತ್ತಾರೆ!

ಆ ಜರಿಗಿಡದಲ್ಲಿರುವ ಟಕಿಲೊಸೈಡ್ ಎಂಬ ಕ್ಯಾನ್ಸರ್‌ಕಾರಕವನ್ನು 1983ರಲ್ಲಿ ನಗೋಯಾ ವಿಶ್ವವಿದ್ಯಾಲಯದ ಯಾಮಾದಾ ಕಿಯೊಯುಕಿ ಅವರ ತಂಡ ಪ್ರತ್ಯೇಕಿಸಿತು. ಹೆಚ್ಚು ತಿಂದ ದನದ ಅಸ್ಥಿಮಜ್ಜೆ ಸೊರಗುತ್ತದೆ, ಮೂತ್ರದಲ್ಲಿ ರಕ್ತ ಬರುತ್ತದೆ. ಮನುಷ್ಯರು ಹೇಗೆ ತಿನ್ನುತ್ತಾರೆ? ಬೂದಿ ಬೆರೆಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲುತ್ತಾರೆ. ಬೂದಿಯ ಕ್ಷಾರದಲ್ಲಿ ಆ ವಿಷ ಒಡೆದುಹೋಗುತ್ತದೆ. ಅಜ್ಜಿಯರ ಅಡುಗೆಮನೆಯಲ್ಲಿ ಶತಮಾನಗಳಿಂದ ನಡೆದುಬಂದದ್ದಕ್ಕೆ ರಸಾಯನಶಾಸ್ತ್ರದ ಕಾರಣ ಸಿಕ್ಕಿದ್ದು ನಿನ್ನೆ ಮೊನ್ನೆ.

◆ ಹಾಗಾದರೆ ಇಷ್ಟು ತಿಳಿದ ದನ ವಿಷ ತಿಂದು ಸಾಯುವುದೇಕೆ? ಹಸಿವು. ಅಮಾಮಿ, ಒಕಿನಾವಾ ದ್ವೀಪಗಳಲ್ಲಿ ಮೇವು ತೀರಿದಾಗ ‘ಸೊತೆತ್ಸು’ ಎಂಬ ಸೈಕಾಸ್ ಗಿಡದ ಎಲೆ ತಿಂದ ದನಗಳ ಹಿಂಗಾಲು ಸೋತು ಸೊಂಟ ಓಲಾಡುತ್ತದೆ. ಅದರೊಳಗಿನ ಸೈಕಾಸಿನ್ ವಿಷವನ್ನು 1955ರಲ್ಲಿ ಕಾಗೊಶಿಮಾದ ನಿಶಿದಾ ಕೊತಾರೊ ಮತ್ತು ಸಂಗಡಿಗರು ಗುರುತಿಸಿದರು. ನಮ್ಮ ಉತ್ತರ ಕರ್ನಾಟಕದಲ್ಲಿ ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ ತಿಂದು ದನ ಬೀಳುವುದೂ ಇಂಥದೇ ಸಂಕಟ. ಜೋಳದ ಎಲೆಯಲ್ಲಿ ಡುರಿನ್ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಅಗಿದಾಗ ಎರಡೂ ಬೆರೆತು ಸೈನೈಡ್ ಹುಟ್ಟುತ್ತದೆ. ಬೇಗ ಪಶುವೈದ್ಯರು ಬಂದು ಸೋಡಿಯಂ ಥಯೊಸಲ್ಫೇಟ್ ಚುಚ್ಚಿದರೆ ಜೀವ ಉಳಿಯುತ್ತದೆ, ತಡವಾದರೆ ಇಲ್ಲ.

◆ ಕರು ತಾಯಿಯ ಜೊತೆ ಮೇಯುತ್ತ ಕಲಿಯುತ್ತದೆ. ಕಲಿಕೆ ಅದಕ್ಕೂ ಮೊದಲೇ, ಗರ್ಭದ ನೀರಿನಲ್ಲಿ ಮತ್ತು ಹಾಲಿನಲ್ಲಿ ಬರುವ ಮೇವಿನ ವಾಸನೆಯಿಂದ ಶುರುವಾಗಿರುತ್ತದೆ. ತಿಂದದ್ದು ಹೊಟ್ಟೆ ಕೆಡಿಸಿದರೆ ಆ ರುಚಿಯನ್ನು ನೆನಪಿಟ್ಟು ಮುಂದೆ ದೂರವಿಡುತ್ತದೆ. ಅಮೆರಿಕದ ಯೂಟಾದಲ್ಲಿ ಫ್ರೆಡ್ ಪ್ರೊವೆಂಜಾ ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿದರು. ಅದಕ್ಕೇ ದೂರದ ಸಂತೆಯಿಂದ ತಂದ ಹಸುವನ್ನು ಹಸಿದ ಹೊಟ್ಟೆಯಲ್ಲಿ ಹೊಸ ಗೋಮಾಳಕ್ಕೆ ಬಿಡಬಾರದು. ಅಲ್ಲಿನ ಗಿಡಗಳ ಪರಿಚಯ ಅದಕ್ಕಿಲ್ಲ.

◆ ಕಹಿಯನ್ನೇ ಹುಡುಕಿಕೊಂಡು ಹೋಗುವುದೂ ಉಂಟು. 1987ರಲ್ಲಿ ಟಾಂಜಾನಿಯದ ಮಹಾಲೆ ಕಾಡಿನಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಮೈಕೆಲ್ ಹಫ್‌ಮನ್ ಮತ್ತು ಸ್ಥಳೀಯ ಗಿಡಮೂಲಿಕೆ ತಜ್ಞ ಮೊಹಮೆದಿ ಸೈಫು ಕಲುಂಡೆ ಒಂದು ಕಾಯಿಲೆಯ ಚಿಂಪಾಂಜಿಯನ್ನು ಕಂಡರು. ಅದು ವೆರ್ನೋನಿಯಾ ಗಿಡದ ಕಡುಕಹಿ ತಿರುಳನ್ನು ಅಗಿದು ರಸ ಹೀರಿತು, ಮರುದಿನದ ಹೊತ್ತಿಗೆ ಚೇತರಿಸಿಕೊಂಡಿತು. ಆ ತಿರುಳಿನಲ್ಲಿ ಪರೋಪಜೀವಿಗಳನ್ನು ಹತ್ತಿಕ್ಕುವ ವಸ್ತುಗಳಿರುವುದನ್ನು ಕ್ಯೋಟೊದ ರಸಾಯನತಜ್ಞರು ತೋರಿಸಿದರು. ಕುರಿಗಳಿಗೂ ಇಂಥ ಕಲಿಕೆ ಸಾಧ್ಯವೆಂದು ಯೂಟಾದ ಪ್ರಯೋಗಗಳು 2006ರಲ್ಲಿ ಹೇಳಿದವು. ಯಾವ ಮೇವಿನ ತೊಂದರೆಗೆ ಯಾವ ಮದ್ದು ಎಂದು ಅನುಭವದಿಂದ ಕಲಿತ ಕುರಿಗಳು ಆಯಾ ಮದ್ದನ್ನೇ ಆರಿಸಿಕೊಂಡವು.

◆ ರಾಮನಗರ, ಕೋಲಾರದ ಓದುಗರಿಗೆ ಒಂದು ವಿಶೇಷ. ಸಾಕುಪ್ರಾಣಿಗಳಲ್ಲಿ ಊಟದ ವಿಷಯಕ್ಕೆ ರೇಷ್ಮೆಹುಳುವಿನಷ್ಟು ಹಟಮಾರಿ ಬೇರೊಂದಿಲ್ಲ. ಅದು ಹಿಪ್ಪುನೇರಳೆಯನ್ನೇ ಏಕೆ ತಿನ್ನುತ್ತದೆ ಎಂದು 1950, 60ರ ದಶಕಗಳಲ್ಲಿ ಕೋಬೆಯ ಕೋನಾನ್ ವಿಶ್ವವಿದ್ಯಾಲಯದ ಹಮಾಮುರಾ ಯಾಸುಜಿ ಬಿಡಿಸಿ ನೋಡಿದರು. ಎಲೆಯಲ್ಲಿ ಮೂರು ಬಗೆಯ ವಸ್ತುಗಳಿದ್ದವು: ಹತ್ತಿರ ಕರೆಯುವ ವಾಸನೆ, ಕಚ್ಚಿಸುವ ರುಚಿ, ನುಂಗಿಸುವ ನಾರು. ಮೂರೂ ಸೇರಿದರೆ ಮಾತ್ರ ಹುಳು ಊಟ ಮಾಡುತ್ತದೆ. ಆ ವಾಸನೆಗಳಲ್ಲಿ ಜಾಸ್ಮೋನ್ ಎಂಬುದನ್ನೇ ಗುರುತಿಸುವ ಗ್ರಾಹಕವೊಂದು ಹುಳುವಿಗಿದೆ ಎಂದು ಟೋಕಿಯೋದ ವಿಜ್ಞಾನಿಗಳು 2009ರಲ್ಲಿ ಕಂಡುಕೊಂಡರು.

ಇನ್ನೂ ಒಂದು ಮಾತಿದೆ. ಹಿಪ್ಪುನೇರಳೆ ಸಾಧು ಗಿಡವಲ್ಲ. ಎಲೆ ಚಿವುಟಿದರೆ ಬರುವ ಹಾಲಿನಲ್ಲಿ ಸಕ್ಕರೆಯ ವೇಷ ತೊಟ್ಟ ಆಲ್ಕಲಾಯ್ಡ್‌ಗಳಿವೆ. ಬೇರೆ ಕಂಬಳಿಹುಳುಗಳು ತಿಂದರೆ ಬೆಳೆಯುವುದಿಲ್ಲ. ಇದನ್ನು ತ್ಸುಕುಬಾದ ಕೊನ್ನೊ ಕೊತಾರೊ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ರೇಷ್ಮೆಹುಳುವಿಗೆ ಆ ವಿಷ ತಾಗದು. ಜಪಾನಿನ ಸಹಕಾರದಲ್ಲಿ 1991ರಿಂದ ನಡೆದ ಯೋಜನೆಯಲ್ಲಿ ಮೈಸೂರಿನ ಸಂಶೋಧನಾ ಕೇಂದ್ರ ರೂಪಿಸಿದ ಬಿಳಿಗೂಡಿನ ದ್ವಿತಳಿ ಹುಳುಗಳು ನಮ್ಮ ಚಂದ್ರಿಕೆಗಳಲ್ಲಿ ಗೂಡು ಕಟ್ಟುವುದೂ ಇದೇ ವಿಷದ ಎಲೆ ತಿಂದು.

◆ ನೂರು ವರ್ಷದ ಹಿಂದೆ ಜಪಾನಿನ ನೆಲದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹುಲ್ಲುಗಾವಲಿತ್ತು. ಇಂದು ಉಳಿದಿರುವುದು ತೀರ ಸ್ವಲ್ಪ. ಹುಲ್ಲು ಹೋದಲ್ಲಿ ಅದರ ಜೊತೆಗಿದ್ದ ಹೂಗಳೂ, ಅವುಗಳ ಹೆಸರು ಬಲ್ಲ ದನಗಾಹಿಗಳೂ ಹೋದರು. ನಮ್ಮ ಗೋಮಾಳಗಳೂ ದಿನದಿಂದ ದಿನಕ್ಕೆ ಕರಗುತ್ತಿವೆ. ನಿಮ್ಮೂರಲ್ಲಿ ಇನ್ನೂ ಕುರಿ, ದನ ಕಾಯುವ ಹಿರಿಯರಿದ್ದರೆ ಒಂದು ದಿನ ಅವರ ಜೊತೆ ನಡೆದು, ಮಂದೆ ಬಿಟ್ಟು ಮುಂದೆ ಹೋದ ಪ್ರತಿ ಗಿಡದ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿ.